ಹನ್ನೆರಡು ಸಲ ಹಗುರ

ಮಾರ್ಚ್ 3, ಸೋಮವಾರ

ಈ ಊರಿನಲ್ಲಿ ಬಿಸಿಲಿಗೆ ಹೊಳೆಯುವ ಗಾಜು ಎಷ್ಟಿದೆಯೋ ಅಷ್ಟನ್ನೂ ಎತ್ತಿ ನಿಲ್ಲಿಸಿದವನು ನಾನು. ಬ್ಯಾಂಕಿನ ಏಳಂತಸ್ತಿನ ಗಾಜಿನ ಗೋಡೆಯನ್ನು ಒಬ್ಬನೇ ಹೊತ್ತು ಏರಿಸಿದ್ದೇನೆ. ಅದೂ ಎಡಗೈಯಲ್ಲಿ. ಬಲಗೈಯಲ್ಲಿ ಚಹಾದ ಲೋಟವಿತ್ತು. ಕೆಳಗೆ ನಿಂತಿದ್ದ ಎಂಜಿನಿಯರು ಟೋಪಿ ತೆಗೆದು ಕೈ ಮುಗಿದ. ಒಂದು ತೊಟ್ಟು ಚಹಾ ಚೆಲ್ಲಲಿಲ್ಲ.

ಅಂಥವನ ಬಲಗೈಯನ್ನು ಈಗ ಬಟ್ಟೆಯ ಜೋಲಿಯಲ್ಲಿ ಹಾಕಿ ಕತ್ತಿಗೆ ಕಟ್ಟಿದ್ದಾರೆ. ಜೋಲಿಯೊಳಗಿಂದಲೇ ಬೆರಳು ಚಾಚಿ ಬರೆಯುತ್ತಿದ್ದೇನೆ. ಅಕ್ಷರಗಳು ಕೋಳಿ ಕೆದರಿದ ಹಾಗಿವೆ. ಏಳನೇ ಕ್ಲಾಸನ್ನು ಮೂರು ವರ್ಷ ಓದಿದವನು ನಾನು, ಒಂದೇ ವರ್ಷಕ್ಕೆ ಪಾಸಾದವರಿಗೆ ಇಷ್ಟು ಗಟ್ಟಿಯಾಗಿ ಬರುವುದಿಲ್ಲ. ಆದ್ದರಿಂದ ತಪ್ಪು ಕೈಯದೇ ಹೊರತು ವಿದ್ಯೆಯದಲ್ಲ.

ಪುಸ್ತಕ ತಂದುಕೊಟ್ಟವಳು ಅಕ್ಕನ ಮಗಳು. ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ. "ಮಾವ, ದಿನವಿಡೀ ಮನೇಲಿ ಕೂತು ಅಮ್ಮನ ತಲೆ ತಿನ್ಬೇಡ. ಕೊಚ್ಚಿಕೊಳ್ಳೋದೆಲ್ಲ ಇದ್ರಲ್ಲಿ ಕೊಚ್ಕೋ" ಎಂದಳು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. ನಗಲಿ.

ಆದದ್ದು ಇಷ್ಟು. ಹೋದ ತಿಂಗಳು ಒಂದು ಅಂಗಡಿಯ ಮುಂಭಾಗಕ್ಕೆ ದಪ್ಪ ಗಾಜು. ಮುಂದಿನ ತುದಿ ನನ್ನದು, ಹಿಂದಿನ ತುದಿ ಕುಳ್ಳನದು. ಹನ್ನೊಂದು ವರ್ಷದಿಂದ ನಾವಿಬ್ಬರೂ ಜೋಡಿ. ಮೆಟ್ಟಿಲ ಮೇಲೆ ನೀರಿತ್ತು, ನನ್ನ ಕಾಲು ಜಾರಿತು. ಗಾಜು ಕುಳ್ಳನ ಕಡೆಗೆ ವಾಲಿತು. ನಾನು ಮೇಲಿನ ಅಂಚನ್ನು ಬಲಗೈಯಲ್ಲಿ ಹಿಡಿದು ನಿಲ್ಲಿಸಿದೆ. ಭುಜದೊಳಗೆ ಟಪ್ ಎಂದಿತು. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ನಮ್ಮ ಗಾಜಿನ ಗೋದಾಮಿನ ರಿಜಿಸ್ಟರಿನಲ್ಲಿ ಮ್ಯಾನೇಜರು ಅಂದು ಬರೆದದ್ದೂ ಅದನ್ನೇ: "ಗಾಜಿಗೆ ಹಾನಿ ಇಲ್ಲ." ಭುಜದ ಸುದ್ದಿ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಒಳಗಿನ ಎರಡು ಸ್ನಾಯುವಿನ ಹುರಿ ಹರಿದಿವೆ, ಇನ್ನು ಭುಜಕ್ಕಿಂತ ಮೇಲೆ ಏನನ್ನೂ ಎತ್ತಬಾರದು ಎಂದರು. ಡಾಕ್ಟರಿಗೆ ನನ್ನ ಪರಿಚಯವಿಲ್ಲ. ಸದ್ಯಕ್ಕೆ ವಿಮೆಯವರು ವಾರವಾರ ಅರ್ಧ ಸಂಬಳ ಕೊಡುತ್ತಾರೆ. ಕೈ ಎಷ್ಟು ಕೆಟ್ಟಿದೆ ಎಂದು ಅವರದೇ ಡಾಕ್ಟರು ನೋಡಿ ಶೇಕಡಾ ಲೆಕ್ಕ ಹಾಕುತ್ತಾರಂತೆ. ಪರಿಹಾರ ಅದರ ಮೇಲೆ.


ಮಾರ್ಚ್ 19, ಬುಧವಾರ

ವಿಮೆ ಡಾಕ್ಟರನ್ನು ಇವತ್ತು ಬೆರಗುಗೊಳಿಸಿ ಬಂದೆ.

ಸಣ್ಣ ಕೋಣೆ. ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಚಿತ್ರ. ಕಿಟಕಿಯ ಗಾಜು ನಾಲ್ಕು ಮಿಲಿಮೀಟರಿನದು, ಸರಿಯಾಗಿ ಕೂರಿಸಿಲ್ಲ, ಗಾಳಿಗೆ ಗುಂಯ್ ಎನ್ನುತ್ತಿತ್ತು. ಅದನ್ನು ಹೇಳಿದೆ. ಡಾಕ್ಟರು ತಲೆ ಎತ್ತಲಿಲ್ಲ.

"ಮೊದಲೂ ಭುಜ ನೋಯ್ತಿತ್ತಾ?" ಎಂದು ಕೇಳಿದರು.

"ಮೂವತ್ತು ವರ್ಷದಿಂದ ದಿನಾ ನೋಯುತ್ತೆ ಸಾರ್. ನೋವಿಲ್ಲ ಅಂದ್ರೆ ಅವತ್ತು ಕೆಲಸ ಮಾಡಿಲ್ಲ ಅಂತ ಅರ್ಥ" ಎಂದೆ. ಅದನ್ನು ಪೂರ್ತಿ ಬರೆದುಕೊಂಡರು. ಮೆಚ್ಚಿದ ಮುಖ.

ಆಮೇಲೆ ಐದು ಕೆಜಿಯ ಕಬ್ಬಿಣದ ಗುಂಡು ಕೊಟ್ಟು, "ಆದಷ್ಟು ಮೇಲೆತ್ತಿ, ಆಗದಿದ್ರೆ ಬಿಡಿ" ಎಂದರು. ಆಗದಿದ್ದರೆ ಎಂದರೆ ಏನು? ಎತ್ತಿದೆ. ತಲೆಯ ಮೇಲಕ್ಕೆ.

"ಭಾರ ಅನ್ಸುತ್ತಾ?"

"ಹಗುರ ಸಾರ್."

ಇನ್ನೊಂದು ಸಲ ಎತ್ತಿಸಿ ಅದೇ ಪ್ರಶ್ನೆ, ಅದೇ ಉತ್ತರ. ಹನ್ನೆರಡು ಸಲ. ಕೊನೆಯ ಮೂರು ಸಲ ಎದುರಿನ ಚರ್ಮ ಸುಲಿದ ಮನುಷ್ಯ ಇಬ್ಬರಾಗಿ ಕಂಡ. ಆದರೂ ನಗುತ್ತಲೇ ಎತ್ತಿದೆ. "ಒಳ್ಳೇ ಶಕ್ತಿ ನಿಮ್ದು" ಎಂದರು ಡಾಕ್ಟರು. ಐವತ್ತೆರಡಕ್ಕೆ ಇಂಥ ಮೈಕಟ್ಟನ್ನು ಅವರು ನೋಡಿರಲಿಕ್ಕಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿಯಲಿಲ್ಲ. ಬೇಕಾಗಲಿಲ್ಲ.


ಮಾರ್ಚ್ 20, ಗುರುವಾರ

ಮಲಗಿದ ರೀತಿ ಸರಿಯಿರಲಿಲ್ಲ ಅನ್ನಿಸುತ್ತದೆ. ಕೈ ಮೇಲೇಳಲಿಲ್ಲ. ಅಕ್ಕ ತಲೆ ಬಾಚಿದಳು. ಬೈತಲೆ ಎಡಕ್ಕೆ ತೆಗೆದಿದ್ದಾಳೆ, ಪ್ರೈಮರಿ ಶಾಲೆಗೆ ಹೊರಟವನ ಹಾಗೆ ಕಾಣುತ್ತೇನೆ.


ಏಪ್ರಿಲ್ 11, ಶುಕ್ರವಾರ

ವರದಿ ಬಂತು. ಅಕ್ಕನ ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಓದಿದಳು.

"ಕಾರ್ಮಿಕನು ಐದು ಕೆಜಿ ತೂಕವನ್ನು ತಲೆಯ ಮೇಲಕ್ಕೆ ಹನ್ನೆರಡು ಬಾರಿ ಎತ್ತಿ, ಪ್ರತಿ ಬಾರಿಯೂ ಹಗುರವೆಂದು ತಿಳಿಸಿದನು. ಮೂವತ್ತು ವರ್ಷದಿಂದ ಭುಜದ ನೋವಿತ್ತೆಂದು ತಾನೇ ಒಪ್ಪಿರುತ್ತಾನೆ. ಹುರಿಗಳು ಹರಿದಿರುವುದು ವಯಸ್ಸಿನ ಸವೆತದಿಂದ. ಅಪಘಾತಕ್ಕೆ ಸಂಬಂಧಿಸಿದ ಅಸಾಮರ್ಥ್ಯ ಶೇಕಡಾ ನಾಲ್ಕು. ಕೆಲಸಕ್ಕೆ ಮರಳಬಹುದು."

ಅರ್ಧ ಸಂಬಳ ಇಂದಿನಿಂದ ನಿಂತಿತು. ಹತ್ತು ದಿನದೊಳಗೆ ಗೋದಾಮಿಗೆ ಹೋಗದಿದ್ದರೆ ಕೆಲಸವೂ ಇಲ್ಲ.

"ಮಾವ, ಹಗುರ ಅಂದ್ಯಾ?"

"ಅಂದೆ."

"ಹನ್ನೆರಡು ಸಲ?"

"ಅವರು ಹನ್ನೆರಡು ಸಲ ಕೇಳಿದ್ರು."

ಅವಳು ಗೋಡೆಗೆ ಒರಗಿ ಕುಳಿತುಬಿಟ್ಟಳು. ಅಕ್ಕ, "ಲೋ, ನಿನ್ನ ಬಾಯಿಗೆ ಹೊಲಿಗೆ ಹಾಕೋ ದಾರ ನನ್ನ ಹತ್ರ ಇಲ್ವಲ್ಲೋ" ಎಂದಳು.

ಅವರಿಗೆ ಹೇಳಿದೆ. ನಮ್ಮ ಕಸುಬಿನಲ್ಲಿ ಗಾಜು ಕೈಯಲ್ಲಿರುವಾಗ ಭಾರ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಒಂದು ತುದಿಯವನು ಭಾರ ಎಂದರೆ ಇನ್ನೊಂದು ತುದಿಯವನ ಎದೆ ನಡುಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗಾಜು ಬಿದ್ದರೆ ಕಾಲಿನ ಮೇಲೆಯೇ. ಆದ್ದರಿಂದ ಇವನು "ಹೆಂಗೆ?" ಎಂದು ಕೇಳಬೇಕು, ಅವನು "ಹಗುರ" ಎನ್ನಬೇಕು. ಕಣ್ಣುಗುಡ್ಡೆ ಹೊರಗೆ ಬರುತ್ತಿದ್ದರೂ ಹಗುರ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಒಮ್ಮೆ ಭಾರ ಎಂದಿದ್ದಕ್ಕೆ ಹಳೆಯ ಮೇಸ್ತ್ರಿ ಗಾಜು ಇಳಿಸಿದ ಮೇಲೆ ಕೆನ್ನೆಗೆ ಬಿಟ್ಟಿದ್ದ. ಅಲ್ಲಿಂದ ಇಲ್ಲಿಯವರೆಗೆ ಆ ಮಾತು ಬಾಯಿಗೆ ಬಂದಿಲ್ಲ.

"ಡಾಕ್ಟರ ಕೋಣೇಲಿ ಗಾಜಿರ್ಲಿಲ್ಲ ಮಾವ" ಎಂದಳು ಅಕ್ಕನ ಮಗಳು.

ಕಿಟಕಿಯಲ್ಲಿತ್ತು ಎಂದೆ. ಯಾರೂ ನಗಲಿಲ್ಲ.


ಏಪ್ರಿಲ್ 21, ಸೋಮವಾರ

ಗೋದಾಮಿಗೆ ಹೋಗಿದ್ದೆ. ಹಾಗೆಯೇ ಬರೆಯುತ್ತೇನೆ, ಅಲಂಕಾರ ಮಾಡುವಷ್ಟು ತ್ರಾಣವಿಲ್ಲ.

ಅಕ್ಕ ನನ್ನ ಎರಡು ಅಂಗಿಗಳ ಬಲಪಕ್ಕದ ಹೊಲಿಗೆ ಬಿಚ್ಚಿ ಟಿಚ್ ಬಟನ್ ಕೂರಿಸಿದ್ದಾಳೆ, ಕೈ ಎತ್ತದೆ ತೊಡಬಹುದು. ಮೇಲೆ ಕೋಟು ಹಾಕಿದರೆ ಕಾಣುವುದಿಲ್ಲ. ಆ ಸೆಕೆಯಲ್ಲಿ ಕೋಟು ಹಾಕಿಕೊಂಡು ಹೋದೆ.

ಮ್ಯಾನೇಜರು ಕೆಟ್ಟವನಲ್ಲ. ಎಲ್ಲರೂ ಗ್ಲೌಸು ಹಾಕಿಕೊಳ್ಳುತ್ತಿದ್ದ ಹೊತ್ತು. ಒಂಬತ್ತು ಜನ.

"ಪೈಲ್ವಾನ್, ಆಗುತ್ತೋ ಇಲ್ವೋ? ಆಗಲ್ಲ ಅಂದ್ರೆ ಹೇಳಿ, ಗೇಟ್ ಹತ್ರ ಚೀಟಿ ಬರೆಯೋ ಕೆಲಸ ಇದ್ಯಾ ಅಂತ ಮೇಲೆ ಕೇಳ್ತೀನಿ. ಆಗುತ್ತೆ ಅಂದ್ರೆ ಇಲ್ಲೊಂದು ಸಹಿ."

ಕಾಗದದಲ್ಲಿ, ನಾನು ಸಂಪೂರ್ಣ ಸಮರ್ಥನಾಗಿದ್ದೇನೆ, ಸ್ವಂತ ಇಚ್ಛೆಯಿಂದ ಕೆಲಸಕ್ಕೆ ಮರಳುತ್ತಿದ್ದೇನೆ ಎಂದಿತ್ತು. ಹಿಂದಿನಿಂದ ಯಾರೋ, "ಚೀಟಿ ಬರೀತಾನಂತೆ, ಪೈಲ್ವಾನ್" ಎಂದ. ಯಾರೋ ಕಿಸಕ್ಕನೆ ನಕ್ಕ. ಸಹಿ ಮಾಡಿದೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮೊದಲ ಗಾಜು ಕನ್ನಡಿಯದು, ಅಷ್ಟೇನೂ ದೊಡ್ಡದಲ್ಲ. ಮುಂದಿನ ತುದಿಗೆ ನಾನು, ಹಿಂದಕ್ಕೆ ಕುಳ್ಳ. ಕಪಾಟಿನ ಸಾಲು ದಾಟಿ ತಿರುಗುವಲ್ಲಿ ಕೈಯನ್ನು ಸ್ವಲ್ಪ ಮೇಲೆ ಒಯ್ಯಬೇಕು. ಒಯ್ದೆ. ಬೆರಳುಗಳು ಅಲ್ಲೇ ಇದ್ದವು, ಆದರೆ ಅವು ನನ್ನವಾಗಿರಲಿಲ್ಲ.

"ಹೆಂಗೆ ಅಣ್ಣ?" ಎಂದ ಕುಳ್ಳ.

"ಹಗುರ."

ಕನ್ನಡಿಯಲ್ಲಿ ನನ್ನ ಮುಖ ಅವನಿಗೆ ಕಾಣುತ್ತಿತ್ತೋ ಏನೋ. ಜೋರಾಗಿ ಹೇಳಿದ: "ಭಾರ. ಅಣ್ಣ, ಭಾರ. ಇಳಿಸು."

ಇಡೀ ಗೋದಾಮು ತಿರುಗಿ ನೋಡಿತು. ಗಾಜು ಕತ್ತರಿಸುವವನ ಕೈ ನಿಂತಿತು. ಇಬ್ಬರು ಓಡಿಬಂದು ಮಧ್ಯಕ್ಕೆ ಕೈಕೊಟ್ಟರು. ಹಾಸಿದ ಗೋಣಿಯ ಮೇಲೆ ಇಳಿಸಿದೆವು. ಏನೂ ಒಡೆಯಲಿಲ್ಲ.

ನೀರಿನ ಡ್ರಮ್ಮಿನ ಹತ್ತಿರ ಕುಳ್ಳ ಬಂದ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಎಂದೂ ಎದುರಾಡಿದವನಲ್ಲ.

"ಅಣ್ಣ, ಬೇಜಾರು ಮಾಡ್ಕೋಬೇಡ. ನಾನಿನ್ನು ನಿನ್ನ ಜೊತೆ ಗಾಜು ಹಿಡಿಯಲ್ಲ. ಮನೇಲಿ ಎರಡು ಸಣ್ಣ ಮಕ್ಳಿದಾರೆ."

"ಅವತ್ತು ನಿನ್ನನ್ನ ಉಳಿಸಿದ್ದು ಯಾರೋ?"

"ನೀನೇ. ಅದಕ್ಕೇ ಇವತ್ತು ಬಾಯಿ ಬಿಟ್ಟೆ."

ಕೋಟು ತೆಗೆದುಕೊಂಡು ಬಂದುಬಿಟ್ಟೆ. ಮ್ಯಾನೇಜರಿಗೂ ಹೇಳಲಿಲ್ಲ.


ಏಪ್ರಿಲ್ 22, ಮಂಗಳವಾರ

ಬರೆಯುವಂಥದ್ದೇನಿಲ್ಲ.


ಮೇ 5, ಸೋಮವಾರ

ಮೇಲ್ಮನವಿ ಹಾಕಿದೆವು. ವರದಿ ಬಂದ ಮೂವತ್ತು ದಿನದೊಳಗೆ ಹಾಕಬೇಕಂತೆ, ಇದು ಇಪ್ಪತ್ತನಾಲ್ಕನೆಯದು. ಅಕ್ಕನ ಮಗಳು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾಲ್ಕು ಪುಟ ಟೈಪು ಮಾಡಿದ್ದಾಳೆ. ಕೆಲಸಗಾರರ ಸಂಘದ ವಕೀಲರು ಎರಡು ಕಡೆ ಗೀಟು ಹಾಕಿ ಸರಿ ಎಂದರಂತೆ.

ನಾನು ಓದಿ, "ಇದ್ರಲ್ಲಿ ನನ್ನ ಶಕ್ತಿ ಬಗ್ಗೆ ಏನೂ ಇಲ್ವಲ್ಲೇ?" ಎಂದೆ.

"ಮಾವ, ಇದು ಮದುವೆ ಬಯೋಡೇಟಾ ಅಲ್ಲ."


ಮೇ 6, ಮಂಗಳವಾರ

ಮೂಳೆ ಡಾಕ್ಟರ ಹತ್ತಿರ. ಸ್ಕ್ಯಾನಿನ ಹಾಳೆಯನ್ನು ದೀಪದ ಹಲಗೆಗೆ ಸಿಕ್ಕಿಸಿ ಅಕ್ಕನ ಮಗಳಿಗೆ ವಿವರಿಸಿದರು. ಸವೆದು ಹರಿದದ್ದಾದರೆ ಸುತ್ತಲಿನ ಮಾಂಸ ಒಣಗಿ ಕೊಬ್ಬಾಗಿರುತ್ತದೆ. ಇಲ್ಲಿ ಮಾಂಸ ಚೆನ್ನಾಗಿದೆ, ಸುತ್ತ ರಕ್ತ ಕಟ್ಟಿದೆ. ಹೊಸದಾಗಿ ಹರಿದದ್ದು. ಹೀಗೆಂದು ಬರೆದುಕೊಡುತ್ತೇನೆ ಎಂದರು.

"ಆದ್ರೆ ಕೈ ಎಲ್ಲಿವರೆಗೆ ಏಳುತ್ತೆ ಅಂತ ನಾನೇ ಅಳೀಬೇಕು. ನಗಬೇಡಿ. ಹಲ್ಲು ಕಚ್ಚಬೇಡಿ. ಎಲ್ಲಿ ನೋವಾಗುತ್ತೋ ಅಲ್ಲಿ ನಿಲ್ಸಿ. ಅಷ್ಟೇ ಸಾಕು."

ಅಷ್ಟೇ ಸಾಕು ಎಂದು ನನಗೆ ಯಾರೂ ಹೇಳಿದ್ದಿಲ್ಲ.

ಸೊಂಟದಿಂದ ಶುರು ಮಾಡಿದೆ. ಪಕ್ಕೆಯ ಎತ್ತರಕ್ಕೆ ಬಂದಾಗ ನಿಲ್ಲಿಸಿದೆ. ಡಾಕ್ಟರು ಕೋನಮಾಪಕದ ಎರಡು ಕಡ್ಡಿಗಳನ್ನು ಜೋಡಿಸಿ, "ಅರವತ್ತು" ಎಂದು ಬರೆದುಕೊಂಡರು. ಎಡಗೈ ನೂರ ಎಪ್ಪತ್ತೈದು.

ಅಕ್ಕನ ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಒಳ್ಳೆಯದಾಯಿತು.


ಜೂನ್ 12, ಗುರುವಾರ

ವಿಚಾರಣೆ ಮುಂದಕ್ಕೆ ಹೋಯಿತು. ವಿಮೆ ಡಾಕ್ಟರು ರಜೆಯಲ್ಲಿದ್ದಾರೆ.

ಮೇಲ್ಮನವಿ ಕಚೇರಿಯ ಬೆಂಚಿಗೆ ಮೂರು ಕಾಲು ಸರಿಯಿದೆ, ನಾಲ್ಕನೆಯದರ ಕೆಳಗೆ ಯಾರದೋ ಅರ್ಜಿಯನ್ನು ಮಡಚಿ ಇಟ್ಟಿದ್ದಾರೆ. ಅದರ ತುದಿಯಲ್ಲಿ "ಘನತೆವೆತ್ತ" ಎಂಬಷ್ಟು ಕಾಣುತ್ತದೆ. ಪಕ್ಕದಲ್ಲಿ ಎರಡು ಬೆರಳಿಲ್ಲದ ಪ್ರೆಸ್ಸಿನವನು ಕುಳಿತಿದ್ದ. ಎಷ್ಟು ಸಲ ಬಂದಿದ್ದೀರಿ ಎಂದು ಕೇಳಿದೆ. ಎಣಿಸುವುದನ್ನು ಬಿಟ್ಟಿದ್ದೇನೆ ಎಂದ. ಅವನೆದುರು ಬ್ಯಾಂಕಿನ ಗೋಡೆಯ ಕಥೆ ಶುರು ಮಾಡಿ ಮಧ್ಯದಲ್ಲಿ ನಿಲ್ಲಿಸಿದೆ. ದಣಿವು.


ಜೂನ್ 23, ಸೋಮವಾರ

ಮತ್ತೆ ಮುಂದಕ್ಕೆ.

ಅಕ್ಕ ಈ ತಿಂಗಳು ಒಪ್ಪಿಕೊಂಡಿರುವ ಹೊಲಿಗೆ ಜಾಸ್ತಿ. ಯಂತ್ರ ಬೆಳಿಗ್ಗೆಯೇ ಶುರುವಾಗುತ್ತದೆ. ಕಾಜಾ ಹಾಕಲು ಎಡಗೈ ಸಾಕೇ ಎಂದು ಕೇಳಿದೆ. "ಎರಡೂ ಬೇಕು ಕಣೋ, ಸುಮ್ನೆ ಕೂತ್ಕೋ. ಏನಾದ್ರೂ ಸುಳ್ಳು ಹೇಳು, ಹೊತ್ತು ಹೋಗ್ಲಿ" ಎಂದಳು. ಒಂದೂ ಹೊಳೆಯಲಿಲ್ಲ.


ಜುಲೈ 8, ಮಂಗಳವಾರ

ವಿಚಾರಣೆ ಆಯಿತು.

ಅಧಿಕಾರಿ ಹೆಂಗಸು, ನನ್ನಷ್ಟೇ ವಯಸ್ಸಿರಬಹುದು. ಮೇಜಿನ ಮೇಲೆ ಹಾಸಿದ ಗಾಜಿನ ಮೂಲೆ ಒಡೆದಿದೆ, ಅದಕ್ಕೆ ಟೇಪು ಅಂಟಿಸಿದ್ದಾರೆ. ಅದನ್ನು ಹೇಳಲಿಲ್ಲ.

ಮೂಳೆ ಡಾಕ್ಟರ ಕಾಗದ ಓದಿದರು. ವಿಮೆ ಡಾಕ್ಟರು ಬಂದು, ಹುರಿ ಹರಿದದ್ದು ಹೊಸದೂ ಇರಬಹುದು, ಹಳೆಯದೂ ಇರಬಹುದು, ಆದರೆ ಕೈ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರು. ಆಮೇಲೆ ವಿಮೆಯವರ ವಕೀಲ ಎದ್ದ. ಮೃದುವಾದ ದನಿ.

"ಪರೀಕ್ಷೆ ದಿನ ನೀವು ಹಗುರ ಅಂತ ಹೇಳಿದ್ರಾ?"

"ಹೇಳ್ದೆ."

"ಅದು ನಿಜಾನಾ? ಅಥವಾ ಡಾಕ್ಟರಿಗೆ ಸುಳ್ಳು ಹೇಳಿದ್ರಾ?"

ಎರಡು ಕಡೆಯೂ ಬಾಗಿಲು ಹಾಕಿ ಮಧ್ಯದಲ್ಲಿ ನಿಲ್ಲಿಸಿದ್ದ. ನಮ್ಮ ಕಸುಬಿನ ಪದ್ಧತಿ ಹೇಳಹೊರಟೆ. ತೊದಲಿದೆ. ಯಾವತ್ತೂ ತೊದಲದವನು. ವಕೀಲ, "ಕಥೆ ಚೆನ್ನಾಗಿದೆ" ಎಂದು ಕುಳಿತ.

ಆಗ ಸಂಘದ ವಕೀಲರು ಕುಳ್ಳನನ್ನು ಕರೆದರು. ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅಕ್ಕನ ಮಗಳು ಎರಡು ಸಲ ಅವನ ಮನೆಗೆ ಹೋಗಿದ್ದಳಂತೆ.

ಮೆಟ್ಟಿಲಿನ ಮೇಲೆ ನಡೆದದ್ದನ್ನು ಹೇಳಿದ. ಟಪ್ ಎಂದ ಸದ್ದು ಹಿಂದಿನ ತುದಿಯಲ್ಲಿದ್ದ ತನಗೂ ಕೇಳಿಸಿತೆಂದ.

"ಆಗ ಇವರು ಏನಂದ್ರು?" ಎಂದರು ಅಧಿಕಾರಿ.

"ಹಗುರ ಅಂದ್ರು ಮೇಡಂ. ಮುಖ ಎಲ್ಲ ಬೆವ್ರು. ಹಗುರ, ಹಗುರ, ನೀನು ಹಿಂದೆ ಹೋಗು ಅಂದ್ರು. ನಾನು ಹೋದ್ಮೇಲೇ ಇಳಿಸಿದ್ದು."

"ನಿಮ್ಮಲ್ಲಿ ಎಲ್ರೂ ಹಂಗೇ ಅಂತಾರಾ?"

"ಎಲ್ರೂ ಮೇಡಂ. ಭಾರ ಅಂತ ನಾನೊಬ್ನೇ ಅಂದಿದ್ದು, ಏಪ್ರಿಲಲ್ಲಿ. ಅವತ್ತಿಂದ ಗೋದಾಮಲ್ಲಿ ಯಾರೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ."

ಇದೂ ನನಗೆ ಗೊತ್ತಿರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಈಗ ಕೈಯಲ್ಲಿ ಏನೂ ಇಲ್ಲ. ಹೇಳಿ. ಆ ಐದು ಕೆಜಿ ಹೆಂಗಿತ್ತು?"

ನಾಲಗೆ ಅತ್ತ ಹೋಗುವುದೇ ಇಲ್ಲ. ಕುಳ್ಳ ನೆಲ ನೋಡುತ್ತಿದ್ದ.

"ಭಾರ ಇತ್ತು" ಎಂದೆ.

"ಸ್ವಲ್ಪ ಜೋರಾಗಿ. ಬರ್ಕೊಳ್ಳೋರಿಗೆ ಕೇಳಿಸ್ಲಿ."

"ಭಾರ ಇತ್ತು ಮೇಡಂ. ಮೊದಲ ಸಲದಿಂದಲೇ ಭಾರ ಇತ್ತು. ತಡ್ಕೊಳ್ಳೋಕೆ ಆಗ್ಲಿಲ್ಲ. ಅರ್ಧ ಬಕೆಟ್ ನೀರು ಎತ್ತಕ್ಕಾಗಲ್ಲ. ತಲೆ ನಮ್ಮಕ್ಕ ಬಾಚ್ತಾಳೆ."

ಕೇಳಿದ್ದಕ್ಕಿಂತ ಹೆಚ್ಚು ಹೇಳಿದೆ. ಹಿಂದೆ ಅಕ್ಕನ ಮಗಳು ಮೂಗೆಳೆದ ಸದ್ದು.

ಕೊನೆಗೆ ಮೃದು ದನಿಯವನು ಮತ್ತೆ ಎದ್ದು ಏಪ್ರಿಲ್ ಇಪ್ಪತ್ತೊಂದರ ಕಾಗದ ತೆಗೆದ. "ಈ ಸಹಿ ನಿಮ್ದೇನಾ? ಎರಡು ಗೆರೆ ಇದೆ."

"ನಂದೇ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ. ಎಲ್ರೂ ನೋಡ್ತಿದ್ರು, ಅಷ್ಟೆ."

ಅಧಿಕಾರಿ ಅದನ್ನು ಬರೆಸಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಕುಳ್ಳನಿಗೆ ಇವತ್ತಿನ ಕೂಲಿ ಕೊಡಹೋದೆ. "ಅಣ್ಣ, ಬೈಸ್ಕೋಬೇಡ" ಎಂದ. ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದೆ. ಚೆಲ್ಲಿತು. ಅವನು ತನ್ನ ಕರವಸ್ತ್ರ ಕೊಟ್ಟ.


ಜುಲೈ 29, ಮಂಗಳವಾರ

ತೀರ್ಪು ಬಂತು. ಹುರಿ ಹರಿದದ್ದು ಅಪಘಾತದಿಂದಲೇ ಎಂದು ಒಪ್ಪಿದ್ದಾರೆ. ಶೇಕಡಾ ನಾಲ್ಕು ಹೋಗಿ ಇಪ್ಪತ್ತಾರು ಆಯಿತು. ಅದರ ಪರಿಹಾರ ಕೈಗೆ ಬರಲು ಇನ್ನೂ ತಿಂಗಳುಗಳು ಬೇಕು, ವಿಮೆಯವರು ಮತ್ತೆ ಮೇಲೆ ಹೋಗದಿದ್ದರೆ. ಗೋದಾಮಿನವರು ಗೇಟಿನ ಹತ್ತಿರದ ಕೆಲಸ ಕೊಡಬೇಕು. ಇದು ಗೆಲುವು ಎಂದು ವಕೀಲರು ಹೇಳಿದರು. ಹಾಗಾದರೆ ಗೆಲುವೇ.

ಕೊನೆಯ ಪುಟದಲ್ಲಿ ಇನ್ನೊಂದು ಮಾತಿದೆ. ವರದಿಯ ದಿನದಿಂದ ನಿಂತ ಅರ್ಧ ಸಂಬಳದಲ್ಲಿ ಮೊದಲ ಹತ್ತು ದಿನದ್ದನ್ನು ಕೊಡಬೇಕು. ಏಪ್ರಿಲ್ ಇಪ್ಪತ್ತೊಂದರಿಂದ ಈಚೆಗಿನದು ಇಲ್ಲ. "ಕಾರ್ಮಿಕನು ತಾನು ಸಂಪೂರ್ಣ ಸಮರ್ಥನೆಂದು ಸ್ವಹಸ್ತದಿಂದ ಸಹಿ ಮಾಡಿ, ಅದೇ ದಿನ ಯಾರಿಗೂ ತಿಳಿಸದೆ ಕೆಲಸ ಬಿಟ್ಟು ಹೋಗಿರುತ್ತಾನೆ."

ಮೂಲೆಯ ಚಹಾದಂಗಡಿಯವನು, "ಏನ್ ಪೈಲ್ವಾನ್, ಎಲ್ಲ ಬಂತಾ?" ಎಂದ. ಬಂತು, ಒಂದು ಸಾವಿರ ಆಚೀಚೆ ಎಂದೆ.

ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಆ ಸಹಿ ದೆಸೆಯಿಂದ ಎಷ್ಟು ಹೋಯ್ತೋ?" ಎಂದು ಕೇಳಿದಳು. ಐದಾರು ಸಾವಿರ ಇರಬಹುದು ಎಂದೆ. ಅಕ್ಕನ ಮಗಳು ಅಲ್ಲೇ ಇದ್ದಳು. ತೀರ್ಪನ್ನು ಓದಿ ಹೇಳಿದವಳೇ ಅವಳು. ನನ್ನ ಮುಖ ನೋಡಿದಳು, ಬಾಯಿ ತೆರೆದಳು, ಆಮೇಲೆ ನೀರು ತರಲು ಒಳಗೆ ಹೋದಳು. ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದಳು.

ಇಲ್ಲಿ ಬರೆಯುತ್ತೇನೆ. ಹದಿನಾಲ್ಕು ವಾರ. ವಾರಕ್ಕೆ ಮೂರು ಸಾವಿರದ ನೂರೈವತ್ತು. ಎರಡು ಸಲ ಕೂಡಿ ನೋಡಿದೆ. ನಲವತ್ತನಾಲ್ಕು ಸಾವಿರದ ನೂರು.